ಸಂಶಯದ ಚಿಪ್ಪು, ನಿಸ್ಸಂಶಯದ ಚೀಟಿ

ಭೂವಿಜ್ಞಾನವನ್ನು ಬೋಧಿಸುವ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ, ಗಾಜಿನ ಬೀರುವಿನ ಯಾವುದೋ ಒಂದು ಅರೆಯ ಮೇಲೆ, ಹತ್ತಿಯ ಹಾಸಿನಲ್ಲಿ ಮಲಗಿರುವ ಕಲ್ಲಾಗಿಹೋದ ಬಸವನಹುಳುವೊಂದು ಸಾಮಾನ್ಯವಾಗಿ ಕಾಣಸಿಗುತ್ತದೆ. ಅದರ ಮಗ್ಗುಲಲ್ಲಿ ಒಂದು ಚೀಟಿ. ಚೀಟಿಯ ಮೇಲೆ 'ಫೈಸಾ ಪ್ರಿನ್ಸೆಪಿ' ಎಂಬ ಹೆಸರು, ಅದರ ಕೆಳಗೆ ವರ್ಗ, ಕುಟುಂಬ, ಕಾಲ, ದೊರೆಯುವ ಪದರ. ಪರೀಕ್ಷೆಯ ದಿನ ವಿದ್ಯಾರ್ಥಿಯು 'ಸ್ಪಾಟರು'ಗಳ ಸಾಲಿನಲ್ಲಿ ನಿಂತು, ಗಂಟೆ ಬಾರಿಸುವುದರೊಳಗಾಗಿ ಆ ಕಲ್ಲನ್ನು ನೋಡಿದಂತೆ ಮಾಡಿ, ಬಾಯಿಪಾಠವಾಗಿದ್ದ ನಾಲ್ಕು ಸಾಲುಗಳನ್ನು ಬರೆದು ಮುಂದಿನ ಮೇಜಿಗೆ ಸರಿಯುತ್ತಾನೆ. ಪರೀಕ್ಷಕರು ಆ ನಾಲ್ಕು ಸಾಲುಗಳಿಗೆ ಅಂಕವನ್ನು ದಯಪಾಲಿಸುತ್ತಾರೆ. ಅಲ್ಲಿಗೆ ಗುರುವಿನ ಋಣವೂ ಶಿಷ್ಯನ ಋಣವೂ ತೀರಿಹೋಯಿತು; ಹುಳುವಿನ ಋಣವೊಂದು ಮಾತ್ರ ಹಾಗೆಯೇ ಉಳಿಯಿತು.

ಆ ಚೀಟಿಯ ಮೇಲೆ ನನ್ನ ತಕರಾರಿದೆ. ಹೆಸರು ಒಮ್ಮೆ ಅಚ್ಚಾದ ಮೇಲೆ ಅದು ಸಿದ್ಧವಾದ ಸಂಗತಿ; ಅದನ್ನು ಸಂಶಯಿಸುವುದು ಅಜ್ಞಾನದ ಅಥವಾ ಅವಿಧೇಯತೆಯ ಲಕ್ಷಣ; ವಿದ್ಯಾರ್ಥಿಯನ್ನು ಅನಿಶ್ಚಯದಿಂದ ಕಾಪಾಡುವುದೇ ಉಪಾಧ್ಯಾಯನ ಕರ್ತವ್ಯ; ಅಷ್ಟಕ್ಕೂ ಆರೂವರೆ ಕೋಟಿ ವರ್ಷಗಳ ಹಿಂದೆ ಸತ್ತ ಒಂದು ಹುಳು ಯಾವ ಕುಲದ್ದಾದರೆ ಯಾರ ಮನೆ ಮುಳುಗುವುದು? — ಹೀಗೆಂಬ ಅಭಿಪ್ರಾಯವು ನಮ್ಮ ವಿದ್ಯಾವಂತರಲ್ಲಿ ಎಷ್ಟು ಸುಖವಾಗಿ ನೆಲೆಯೂರಿದೆಯೆಂದರೆ, ಅದು ಒಂದು ಅಭಿಪ್ರಾಯವೆಂಬುದೇ ಅವರಿಗೆ ಮರೆತುಹೋಗಿದೆ. ಅದನ್ನು ನಾನು ಹಾನಿಕರವೆಂದು ಭಾವಿಸುತ್ತೇನೆ. ಅದಕ್ಕೆ ಎರಡು ಮಗ್ಗುಲುಗಳಿವೆಯೆಂದು ಸೌಜನ್ಯಕ್ಕಾಗಿ ಒಪ್ಪಿಕೊಳ್ಳುವ ಇಚ್ಛೆಯೂ ನನಗಿಲ್ಲ.

ಬಳ್ಳಾರಿಯವನಾದ ನೀನು ಈ ಹುಳುವಿನ ಗೊಡವೆಗೆ ಹೋಗುವುದೇಕೆಂದು ಯಾರಾದರೂ ಕೇಳಿಯಾರು. ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮೂರ ಗುಡ್ಡಗಳಲ್ಲಾಗಲಿ ಕುರುಗೋಡಿನ ಬೆಟ್ಟಗಳಲ್ಲಾಗಲಿ ಇಂಥ ಪಳೆಯುಳಿಕೆ ದೊರೆಯುವ ಸಂಭವವೇ ಇಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಹಿಂದೆ ಮುಂದೆ ಎದ್ದುನಿಂತಿರುವ ಗ್ರಾನೈಟು ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಭೂಮಿಯ ಮೇಲೆ ಚಿಪ್ಪುಳ್ಳ ಪ್ರಾಣಿಯೇ ಹುಟ್ಟಿರಲಿಲ್ಲ. ಸಂಡೂರಿನ ಕಬ್ಬಿಣದ ಅದಿರಿನ ಪದರಗಳಾದರೋ ಅದಕ್ಕಿಂತಲೂ ಹಳೆಯವು. ಬಸವನಹುಳುಗಳ ಈ ಕಲ್ಲುಗಳು ಹುಟ್ಟಿದ್ದು ನಮ್ಮಿಂದ ಉತ್ತರಕ್ಕೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖನ್ನಿನ ಲಾವಾ ಪ್ರವಾಹಗಳು ಇಂದಿಗೂ 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಹೊದ್ದಿರುವಂತೆ ಹರಿದು ಹೆಪ್ಪುಗಟ್ಟಿದ ಕಾಲದಲ್ಲಿ. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವೆ ದೊರೆತ ಬಿಡುವಿನಲ್ಲಿ ಅಲ್ಲಲ್ಲಿ ಕೆರೆಕುಂಟೆಗಳಾದವು. ಕೆರೆಗಳಲ್ಲಿ ಪಾಚಿ, ಮೀನು, ಕಪ್ಪೆ, ಬಸವನಹುಳು ಬಾಳಿದವು. ಮುಂದಿನ ಪ್ರವಾಹ ಬಂದು ಎಲ್ಲವನ್ನೂ ಮುಚ್ಚಿತು. ಆ ನಡುಪದರಗಳ ದಕ್ಷಿಣದ ತುಣುಕುಗಳು ಕರ್ನಾಟಕದ ಒಳಕ್ಕೂ ಚಾಚಿವೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಪದರವನ್ನು ಅಲ್ಲಿಯ ಸೂಕ್ಷ್ಮ ಜಲಜೀವಿಗಳ ಚಿಪ್ಪುಗಳ ದೆಸೆಯಿಂದ ಪಂಡಿತರು ಬಲ್ಲರು. ಆದುದರಿಂದ ಹುಳು ನಮ್ಮದಲ್ಲ. ಚೀಟಿ ಮಾತ್ರ ಸಂಪೂರ್ಣವಾಗಿ ನಮ್ಮದು. ಅದನ್ನು ಬರೆಯುವವರೂ ನಾವೇ, ಬಾಯಿಪಾಠ ಮಾಡಿಸುವವರೂ ನಾವೇ.

ಆ ಹೆಸರಾದರೂ ಹುಟ್ಟಿದ್ದು ಹೇಗೆ? ಮದ್ರಾಸು ಸೈನ್ಯದಲ್ಲಿ ವೈದ್ಯರಾಗಿದ್ದ ಜಾನ್ ಗ್ರಾಂಟ್ ಮಾಲ್ಕಮ್‌ಸನ್ ಎಂಬವರು ನಿರ್ಮಲದ ಕಡೆಯ ಬೆಟ್ಟಗಳಲ್ಲಿ ಅಲೆದು, ಬಸಾಲ್ಟಿನ ನಡುವಣ ಗಡುಸುಕಲ್ಲಿನಲ್ಲಿ ಹುದುಗಿದ್ದ ಚಿಪ್ಪುಗಳನ್ನು ಆಯ್ದು ಲಂಡನ್ನಿನ ಭೂವಿಜ್ಞಾನ ಸಂಘಕ್ಕೆ ಒಪ್ಪಿಸಿದರು. ಅವನ್ನು ಪರೀಕ್ಷಿಸಿ 1840ರಲ್ಲಿ ಹೆಸರಿಟ್ಟವರು ಜೇಮ್ಸ್ ಡಿ ಕಾರ್ಲ್ ಸೋವರ್ಬಿ. ಸೋವರ್ಬಿಯವರು ಚಿಪ್ಪುಗಳ ವಿಷಯದಲ್ಲಿ ಆ ಕಾಲದ ದೊಡ್ಡ ಪ್ರವೀಣರು. ಅವರನ್ನು ಹಳಿಯುವ ಉದ್ದೇಶ ನನಗಿಲ್ಲ. ಅವರ ಕೈಗೆ ಬಂದದ್ದು ಒಂದು ಚಿಪ್ಪಿನ ಆಕಾರ. ಅದರ ತುದಿಯನ್ನು ಮೇಲಕ್ಕೆ ಮಾಡಿ ಬಾಯನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದರೆ, ಬಹುಪಾಲು ಬಸವನಹುಳುಗಳಂತೆ ಬಾಯಿ ಬಲಗಡೆಗೆ ಬರದೆ ಎಡಗಡೆಗೆ ಬರುತ್ತಿತ್ತು. ಮೈಸುರುಳಿ ಉಬ್ಬಿಕೊಂಡು, ಮೇಲಿನ ಸುರುಳಿಗಳು ಮೊಟಕಾಗಿದ್ದವು. ಯುರೋಪಿನ ಕೊಳಗಳಲ್ಲಿ ಅಂಥ ಎಡಬಾಯಿಯ ಚಿಪ್ಪುಳ್ಳ ಹುಳುವೊಂದಿತ್ತು. ಅದಕ್ಕೆ ಫೈಸಾ ಎಂಬ ಹೆಸರಿತ್ತು. ಇದಕ್ಕೂ ಅದೇ ಹೆಸರಾಯಿತು. ಬದುಕಿರುವ ಫೈಸಾಗಳಿಗಿಂತ ಇದು ಬಹಳ ದೊಡ್ಡದೆಂಬುದು ಕಣ್ಣಿಗೆ ಹೊಡೆಯುವಂತಿದ್ದರೂ, ಗಾತ್ರದ ಮಾತನ್ನು ಯಾರು ಕೇಳುತ್ತಾರೆ? ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಸಾವಿರಾರು ಮೈಲಿ ದೂರದಲ್ಲಿ, ಒಂದು ಕಲ್ಲನ್ನು ಮೇಜಿನ ಮೇಲಿಟ್ಟುಕೊಂಡು ಮಾಡಿದ ಸಮಂಜಸವಾದ ಊಹೆ ಅದು. ಊಹೆಯೆಂಬ ಮಾತನ್ನು ಅಳಿಸಿ ಉಳಿದುದನ್ನು ಕಾಪಾಡಿಕೊಂಡು ಬಂದ ಕೀರ್ತಿ ಮಾತ್ರ ನಮ್ಮದು.

ಎಡಬಾಯಿ ಫೈಸಾದ ಸ್ವಂತ ಆಸ್ತಿಯೇನೂ ಅಲ್ಲ. ಆಫ್ರಿಕ ಮತ್ತು ಮಡಗಾಸ್ಕರಗಳ ಸಿಹಿನೀರಿನಲ್ಲಿ ಬುಲೈನಸ್ ಎಂಬ ಬೇರೊಂದು ಕುಲವಿದೆ; ಅದರ ಚಿಪ್ಪೂ ಎಡಬಾಯಿಯದು, ಅದರ ಮೈಸುರುಳಿಯೂ ಉಬ್ಬಿದ್ದು. ಎರಡೂ ಚಿಪ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಪಳಗಿದ ಕಣ್ಣೂ ತಡವರಿಸುತ್ತದೆ. ಅವೆರಡನ್ನು ಬೇರ್ಪಡಿಸುವ ಭೇದಗಳೆಲ್ಲ ಚಿಪ್ಪಿನ ಒಳಗಿರುವ ಮೆತ್ತನೆಯ ದೇಹದಲ್ಲಿವೆ: ಫೈಸಾದ ಹೊದಿಕೆಯ ಅಂಚಿನಲ್ಲಿ ಬೆರಳಿನಂಥ ಚಾಚುಗಳಿರುತ್ತವೆ, ಬುಲೈನಸ್ಸಿಗೆ ಅವಿಲ್ಲ, ಬುಲೈನಸ್ಸಿನ ಬಂಧುಗಳ ರಕ್ತ ಹೀಮೋಗ್ಲೋಬಿನ್ನಿನಿಂದ ಕೆಂಪಗಿರುತ್ತದೆ, ಫೈಸಾದ್ದು ಹಾಗಲ್ಲ, ಜನನಾಂಗಗಳ ರಚನೆ ಬೇರೆ, ಉಸಿರಾಟದ ಉಪಾಂಗ ಬೇರೆ. ಲಾವಾದ ಕೆಳಗೆ ಆರೂವರೆ ಕೋಟಿ ವರ್ಷ ಬಿದ್ದಿದ್ದು, ಸುಣ್ಣವೆಲ್ಲ ಕರಗಿಹೋಗಿ, ಅದರ ಸ್ಥಳದಲ್ಲಿ ಸಿಲಿಕ ತುಂಬಿಕೊಂಡ ಕಲ್ಲಿನಲ್ಲಿ ರಕ್ತದ ಬಣ್ಣವನ್ನು ಯಾರು ನೋಡಿದರು? ಜನನಾಂಗವನ್ನು ಯಾರು ಅಳೆದರು? ನೋಡದ ಲಕ್ಷಣಗಳ ಆಧಾರದಿಂದ ಕುಲವನ್ನು ನಿರ್ಣಯಿಸಿ, ನಿರ್ಣಯವಾಯಿತೆಂದು ಮಕ್ಕಳ ಕೈಯಲ್ಲಿ ಪ್ರತಿಜ್ಞೆ ಮಾಡಿಸುವುದಕ್ಕೆ ವಿಜ್ಞಾನವೆಂದು ಹೆಸರಾದರೆ, ಕವಡೆಶಾಸ್ತ್ರಕ್ಕೆ ಆ ಗೌರವವನ್ನು ಏಕೆ ತಪ್ಪಿಸಬೇಕು?

ಈ ಸಂಶಯವನ್ನು ಎತ್ತುತ್ತಿರುವವನು ನಾನೇ ಮೊದಲಿಗನಾಗಿದ್ದರೆ, ಬಳ್ಳಾರಿಯ ಬಿಸಿಲಿನಿಂದ ತಲೆಕೆಟ್ಟವನೆಂದು ನನ್ನನ್ನು ತಳ್ಳಿಹಾಕಬಹುದಾಗಿತ್ತು. ಆದರೆ ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯನ್ನು 1916ರಲ್ಲಿ ಕಟ್ಟಿದ ನೆಲ್ಸನ್ ಆನಂಡೇಲ್ ಅವರೇ, 1920ರಲ್ಲಿ, ಭೂವಿಜ್ಞಾನ ಸರ್ವೇಕ್ಷಣೆಯ ಪತ್ರಿಕೆಯಲ್ಲಿ ಈ ಚಿಪ್ಪನ್ನು ಪುನಃ ವಿಚಾರಣೆಗೆ ತೆಗೆದುಕೊಂಡರು. ಅಲ್ಲಿಂದ ಮುಂದೆ ಬುಲೈನಸ್ ಎಂಬ ಹೆಸರು ಗ್ರಂಥಗಳಲ್ಲಿ, ಕೆಲವೆಡೆ ಕಂಸದೊಳಗೆ, ಕೆಲವೆಡೆ ಕಂಸದ ಹೊರಗೆ, ಸುಳಿದಾಡತೊಡಗಿತು. ಮುಂದೆ ಪ್ಲಾಟಿಫೈಸಾ ಎಂಬ ಮೂರನೆಯ ಹೆಸರೂ ಬಳಕೆಗೆ ಬಂತು. ಅದೇ ಲೇಖನದಲ್ಲಿ ಆನಂಡೇಲರು ಇನ್ನೊಂದು ವಿಚಿತ್ರವನ್ನೂ ವರ್ಣಿಸಿದ್ದಾರೆ: ಆ ಚಿಪ್ಪಿನ ಗೋಡೆಯನ್ನು ಕ್ಲಿಯೋನಿಡ್ ಜಾತಿಯ ಸ್ಪಂಜೊಂದು ಕೊರೆದಿತ್ತು. ಆ ಜಾತಿಯ ಸ್ಪಂಜುಗಳಾದರೋ ಬಹುಮಟ್ಟಿಗೆ ಸಮುದ್ರವಾಸಿಗಳು. ಸಿಹಿನೀರಿನ ಕೆರೆಯ ಹುಳುವೆಂದು ನಾವು ಬರೆಯಿಸುವ ಚಿಪ್ಪಿನಲ್ಲಿ ಸಮುದ್ರದ ಸ್ಪಂಜಿನ ಬಂಧುವಿಗೆ ಏನು ಕೆಲಸ? ಯಾವ ಬುದ್ಧಿವಂತ ಬಾಲಕನ ಕಣ್ಣನ್ನಾದರೂ ಅರಳಿಸಬಲ್ಲ ಪ್ರಶ್ನೆ ಅದು. ಆ ಚಿಪ್ಪಿನ ಮಗ್ಗುಲಲ್ಲಿರುವ ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ. ಚೀಟಿ ಚಿಕ್ಕದು ನೋಡಿ. ಶತಮಾನಕ್ಕೂ ಮಿಕ್ಕಿ ಮುದ್ರಿತವಾಗಿರುವ ಸಂಶಯವನ್ನು ಶತಮಾನಕ್ಕೂ ಮಿಕ್ಕಿ ಮರೆಮಾಡಿದ ಸಾಹಸಕ್ಕೆ ನಾವು ಶಿಸ್ತೆಂದು ಹೆಸರಿಟ್ಟಿದ್ದೇವೆ.

ನೀರಿನ ಹುಳುವಿನ ಪಾಡು ಇದಾದರೆ ನೆಲದ ಹುಳುವಿನದು ಇನ್ನೂ ಶೋಚನೀಯ. ನಾಗಪುರದಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನವರು ಟಾಕ್ಲಿ, ತೆಲಂಖೇಡಿಗಳ ನಡುಪದರಗಳಿಂದ ಹೆಕ್ಕಿದ ಚಿಪ್ಪುಗಳನ್ನು 1860ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ವರ್ಣಿಸಿ ಪ್ರಕಟಿಸಿದರು. ಮೂರು ವರ್ಷದ ಮೇಲೆ, 1863ರಲ್ಲಿ, ಹಳ್ಳವೊಂದನ್ನು ದಾಟುವಾಗ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರು ಹೆಸರಿಟ್ಟ ಹುಳುಗಳ ಪೈಕಿ 'ಸಕ್ಸಿನಿಯ ನಾಗಪುರೆನ್ಸಿಸ್' ಎಂಬುದೊಂದು. ಸಕ್ಸಿನಿಯ ಎಂದರೆ ನೀರಿನೊಳಗೆ ಬಾಳುವ ಪ್ರಾಣಿಯಲ್ಲ. ಕೆರೆಯ ದಡದ ಜೊಂಡಿನಲ್ಲಿ, ತೇವದ ಎಲೆಯ ಮೇಲೆ ಹರಿದಾಡುವ, ಗಾಳಿಯನ್ನು ಉಸಿರಾಡುವ ನೆಲಜೀವಿ. ಅದರ ಚಿಪ್ಪು ತೆಳು, ಎರಡು ಮೂರೇ ಸುರುಳಿಗಳು, ಕೊನೆಯ ಸುರುಳಿಯೊಂದೇ ಇಡೀ ಚಿಪ್ಪನ್ನು ನುಂಗಿಬಿಟ್ಟಿರುತ್ತದೆ, ಬಾಯಿ ಅಗಲ. ಇಷ್ಟು ಕಡಮೆ ಲಕ್ಷಣಗಳುಳ್ಳ ಚಿಪ್ಪಿನಿಂದ, ಇಂದು ಜೀವಂತವಾಗಿ ಕೈಯ ಮೇಲೆ ಹರಿಯುತ್ತಿರುವ ಸಕ್ಸಿನಿಯ ಯಾವ ಪ್ರಭೇದದ್ದೆಂದು ಹೇಳುವುದಕ್ಕೂ ಪಂಡಿತರು ಹಿಂಜರಿಯುತ್ತಾರೆ. ದೇಹವನ್ನು ಛೇದಿಸಿ ಜನನಾಂಗವನ್ನು ಪರೀಕ್ಷಿಸದೆ ಅವರು ಬಾಯಿ ಬಿಡುವುದಿಲ್ಲ. ಕೊಳದ ಲಿಮ್ನಿಯವೆಂಬ ನೀರುಹುಳುವಿನ ಚಿಪ್ಪೂ ನಜ್ಜುಗುಜ್ಜಾದಾಗ ಅದಕ್ಕೆ ಸಾಕಷ್ಟು ಸಮೀಪವಾಗಿಯೇ ಕಾಣುತ್ತದೆ. ಹೀಗಿರುವಾಗ ಗಡುಸುಕಲ್ಲಿನಲ್ಲಿ ಚಪ್ಪಟೆಯಾಗಿ ಕುಳಿತ ಒಂದು ಅಚ್ಚನ್ನು ನೋಡಿ, ಇದು ನೆಲದ ಹುಳು, ಇಂಥ ಕುಲದ್ದು, ಇಂಥ ಪ್ರಭೇದದ್ದು ಎಂದು ಪಟ್ಟಿಯಲ್ಲಿ ಸೇರಿಸಿದುದು ಆರಂಭಕಾಲದ ಅನುಕೂಲಕ್ಕೆ ಸರಿ. ಅದರ ಮೇಲೆ, ಆ ಕೆರೆಯ ದಡದಲ್ಲಿ ಜೊಂಡಿತ್ತು, ಹವೆ ತೇವವಾಗಿತ್ತು, ಮಳೆ ಹೀಗಿತ್ತು ಎಂದು ಚಿತ್ರ ಬರೆಯಹೊರಡುವವರು ತಮ್ಮ ಚಿತ್ರದ ಪಾಯದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹೂತುಹೋಗಿದೆಯೆಂಬುದನ್ನು ಓದುಗನಿಗೆ ತಿಳಿಸಬೇಡವೆ?

ತಿಳಿಸದಿದ್ದರೆ ಏನಾಗುತ್ತದೆಂಬುದಕ್ಕೆ ದೃಷ್ಟಾಂತ ಅದೇ ಹಿಸ್ಲಾಪರ ಲೇಖನದಲ್ಲಿದೆ. ಆ ಲೇಖನದ ಶೀರ್ಷಿಕೆಯೇ ಈ ಪದರಗಳನ್ನು ತೃತೀಯಕ ಯುಗದವೆಂದು ಸಾರುತ್ತದೆ; ಚಿಪ್ಪುಗಳ ಹೋಲಿಕೆಯೇ ಅದಕ್ಕೆ ಮುಖ್ಯ ಆಧಾರ. ಅದೇ ಚಿಪ್ಪುಗಳನ್ನು, ಅದೇ ಲ್ಯಾಟಿನ್ ವರ್ಣನೆಗಳನ್ನು ಇಂಗ್ಲಿಷಿಗೆ ತಂದು ಹಾರ್ಟ್‌ಮನ್ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿ ಅವು ಕ್ರಿಟೇಷಿಯಸ್ ಯುಗದವಾಗಿವೆ. ಹುಳುಗಳು ಮಿಸುಕಲಿಲ್ಲ, ಕಲ್ಲುಗಳು ಬದಲಾಗಲಿಲ್ಲ. ಒಂದು ಶೀರ್ಷಿಕೆಗೂ ಇನ್ನೊಂದಕ್ಕೂ ನಡುವೆ ಸಂದುಹೋದ 148 ವರ್ಷಗಳಲ್ಲಿ, ಡೈನೋಸಾರುಗಳು ಅಳಿದುದರ ಈಚೆ ಇದ್ದ ಪ್ರಾಣಿಗಳು ಆಚೆಗೆ ಹೋಗಿಬಿಟ್ಟವು. ಆ ಲ್ಯಾಟಿನ್ ವರ್ಣನೆಗಳನ್ನು ಓದಿ ಅರ್ಥಮಾಡಿಕೊಂಡು, ಮೂಲದ ಮಾದರಿಗಳೊಡನೆ ತಾಳೆನೋಡುವ ಕೆಲಸಕ್ಕೆ ಒಂದೂವರೆ ಶತಮಾನ ಹಿಡಿದ ಮೇಲೆ, ನಡುವಣ ಅಷ್ಟೂ ಕಾಲ ಆ ಹೆಸರುಗಳನ್ನು ಪಟ್ಟಿಯಿಂದ ಪಟ್ಟಿಗೆ ನಕಲು ಮಾಡುತ್ತಿದ್ದ ನಮ್ಮ ಪಂಡಿತರು ಏನನ್ನು ಓದಿ ನಕಲು ಮಾಡುತ್ತಿದ್ದರು? ಇದಕ್ಕೇ ಅಂಧಪರಂಪರೆಯೆನ್ನುವುದು.

ಕುಲದ ಪ್ರಶ್ನೆ ಭೂಗೋಳದ ಪ್ರಶ್ನೆಯೂ ಹೌದು. ಈ ಲಾವಾ ಹರಿಯುವುದಕ್ಕೆ ಎರಡು ಕೋಟಿ ವರ್ಷಗಳಿಗೂ ಹಿಂದೆಯೇ ಭಾರತವು ಮಡಗಾಸ್ಕರದಿಂದ ಕಿತ್ತುಕೊಂಡು, ಸಾಗರದ ನಡುವೆ ಉತ್ತರಾಭಿಮುಖವಾಗಿ ಸಾಗುತ್ತಿತ್ತು. ಚಿಪ್ಪು ಬುಲೈನಸ್ಸಿನ ಬಂಧುವಾದರೆ, ಅದು ಆಫ್ರಿಕ-ಮಡಗಾಸ್ಕರಗಳ ಒಡನಾಟದ ಕಾಲದಿಂದ ಉಳಿದುಬಂದ ಪಿತ್ರಾರ್ಜಿತವಾಗಬಹುದು. ಫೈಸಾದ ಬಂಧುವಾದರೆ, ಅಮೆರಿಕ ಮತ್ತು ಉತ್ತರ ಖಂಡಗಳ ಕುಟುಂಬವೊಂದು ಏಕಾಂಗಿಯಾಗಿ ತೇಲುತ್ತಿದ್ದ ದ್ವೀಪಕ್ಕೆ ಯಾವ ದೋಣಿಯಲ್ಲಿ ಬಂತೆಂದು ವಿವರಿಸಬೇಕಾಗುತ್ತದೆ. ಇಂದು ಭಾರತದ ಚರಂಡಿಗಳಲ್ಲೂ ಅಲಂಕಾರದ ಮೀನುತೊಟ್ಟಿಗಳಲ್ಲೂ ಕಾಣುವ ಫೈಸಾ ಅಕ್ಯೂಟ ಹೊರಗಿನಿಂದ ಬಂದು ಸೇರಿಕೊಂಡದ್ದೇ ಹೊರತು ಈ ನೆಲದ್ದಲ್ಲ. ಎರಡು ಉತ್ತರಗಳು ಎರಡು ಬೇರೆ ಬೇರೆ ಭೂಪಟಗಳನ್ನು ಬರೆಯಿಸುತ್ತವೆ. ಹೀಗಿದ್ದೂ, 'ಹೆಸರಿನಲ್ಲೇನಿದೆ' ಎಂದು ನಗುವವರು ತಮ್ಮ ನಗುವಿಗೆ ಯಾವ ಭೂಪಟವನ್ನು ಹಿನ್ನೆಲೆಯಾಗಿ ಇಟ್ಟುಕೊಂಡಿದ್ದಾರೆ?

ಇಷ್ಟು ದೂರದ ಮಾತೇಕೆ, ಸಿರುಗುಪ್ಪಕ್ಕೆ ಬನ್ನಿ. ತುಂಗಭದ್ರೆಯ ಕಾಲುವೆ ನೀರು ತುಂಬಿದ ಭತ್ತದ ಗದ್ದೆಯ ಬದುವಿನಲ್ಲಿ ಕೂತು, ನೀರೊಳಗಿನ ಕೊಳೆತ ಹುಲ್ಲನ್ನು ಮೆಲ್ಲಗೆ ಎತ್ತಿದರೆ, ಟಗರಿನ ಕೊಂಬನ್ನು ಚಪ್ಪಟೆಯಾಗಿ ಸುತ್ತಿಟ್ಟಂತಿರುವ ಕಂದುಬಣ್ಣದ ಒಂದು ಹುಳು ಹುಲ್ಲಿಗೆ ಅಂಟಿಕೊಂಡು ಬರುತ್ತದೆ. ಚಿಪ್ಪಿನ ಅಂಚು ಸ್ವಲ್ಪ ಒಡೆದು ಮೈಗೆ ಗಾಯವಾದರೆ ಬೆರಳಿಗೆ ಕೆಂಪು ಹತ್ತುತ್ತದೆ. ಅದರ ರಕ್ತ ನಮ್ಮದರಂತೆ ಕೆಂಪು. ಇದರ ಶಾಸ್ತ್ರನಾಮ ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್. ದನಗಳ ಮೂಗಿನಲ್ಲಿ ಗಂಟುಕಟ್ಟಿ, ಅವು ಉಸಿರಾಡುವಾಗ ಗೊರಗೊರ ಸದ್ದು ಬರುವಂತೆ ಮಾಡುವ ಗೊರಕೆ ರೋಗದ ಕ್ರಿಮಿಯನ್ನು ಹೊತ್ತು ಸಾಕುವುದು ಇದೇ ಹುಳು. ನೋಟಕ್ಕೆ ಬುಲೈನಸ್ಸಿನಂತೆ ಕಿಂಚಿತ್ತೂ ಇಲ್ಲದ ಈ ಚಪ್ಪಟೆ ಹುಳು, ಅಂಗರಚನೆಯಿಂದಲೂ ವಂಶವಾಹಿಗಳ ಪರೀಕ್ಷೆಯಿಂದಲೂ ಬುಲೈನಸ್ಸಿನ ಅತಿ ಸಮೀಪದ ಜ್ಞಾತಿಯೆಂದು ಸಿದ್ಧವಾಗಿದೆ. ಅಂದರೆ, ನೋಟಕ್ಕೆ ಒಂದೇ ಆಗಿರುವ ಫೈಸಾ ಮತ್ತು ಬುಲೈನಸ್ ಬೇರೆ ಬೇರೆ ಮನೆಯವು. ನೋಟಕ್ಕೆ ಒಂದನ್ನೊಂದು ಹೋಲದ ಬುಲೈನಸ್ಸೂ ಸಿರುಗುಪ್ಪದ ಗದ್ದೆಯ ಹುಳುವೂ ಒಂದೇ ಮನೆಯವು. ಚಿಪ್ಪಿನ ಆಕಾರವನ್ನು ನಂಬಿ ಕುಲವನ್ನು ಹೇಳುವವರಿಗೆ ಇದಕ್ಕಿಂತ ಹತ್ತಿರದ ಖಂಡನೆ ಬೇಕೆ? ಸಕ್ಸಿನಿಯ, ಫೈಸಾಗಳನ್ನು ಬಾಯಿಪಾಠ ಮಾಡಿದ ಪದವೀಧರನು ಆ ಗದ್ದೆಯ ಬದುವಿನ ಮೇಲೆ ಹಾದುಹೋಗುವಾಗ ಈ ಹುಳುವನ್ನು ತುಳಿದುಕೊಂಡು ಹೋಗುತ್ತಾನೆ. ಪಾಪ, ಅದರ ಮೈಮೇಲೆ ಚೀಟಿ ಇರುವುದಿಲ್ಲ.

ಇನ್ನು ಪ್ರತಿವಾದಿಗಳ ಮಾತು. ವ್ಯವಹಾರಕ್ಕೆ ಒಂದು ಹೆಸರು ಬೇಕಲ್ಲವೆ, ಎಲ್ಲದಕ್ಕೂ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತ ಕುಳಿತರೆ ಪಾಠ ಮುಗಿಯುವುದು ಹೇಗೆ, ಎನ್ನುತ್ತಾರೆ. ಹೆಸರು ಬೇಡವೆಂದವರು ಯಾರು? ಕುಲವು ಸಂಶಯಾಸ್ಪದವಾದಾಗ ಹೆಸರಿನ ಮುಂದೆ ಪ್ರಶ್ನಾರ್ಥಕವನ್ನು ಹಾಕುವುದು, ಹೋಲಿಕೆಯಷ್ಟೇ ಇದ್ದಾಗ ಹೋಲಿಕೆಯೆಂದೇ ಸೂಚಿಸುವುದು, ಕುಟುಂಬವೂ ತಿಳಿಯದಾದಾಗ 'ಇನ್ಸರ್ಟೇ ಸೆಡಿಸ್', ಎಂದರೆ ನೆಲೆ ಅನಿಶ್ಚಿತ, ಎಂದು ಬರೆಯುವುದು — ಇವೆಲ್ಲ ವರ್ಗೀಕರಣಶಾಸ್ತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಭ್ಯವಾದ ಪದ್ಧತಿಗಳು. ಅವುಗಳನ್ನು ಕಲಿಸುವುದಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ನಮ್ಮಲ್ಲಿಲ್ಲ. ಅದೇ ಹೆಸರನ್ನು ಸುಳ್ಳು ನಿಶ್ಚಯದಿಂದ ಉರುಹೊಡೆಯಿಸುವುದಕ್ಕೆ ಮೂರು ವರ್ಷಗಳಿವೆ.

ಎಳೆಯ ಮನಸ್ಸುಗಳನ್ನು ಸಂಶಯಕ್ಕೆ ಒಡ್ಡಬಾರದೆಂಬುದು ಎರಡನೆಯ ಮಾತು. ಇದು ಎಲ್ಲಿಯ ಶಾಸ್ತ್ರವೋ ನಾನರಿಯೆ. ನಮ್ಮ ನ್ಯಾಯದರ್ಶನವು ಎಣಿಸುವ 16 ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಮೂರನೆಯದಾಗಿ ನಿಲ್ಲುವುದು ಸಂಶಯ. ನಿರ್ಣಯವು ಅದರಿಂದ ಬಹುದೂರದಲ್ಲಿ, ತರ್ಕವನ್ನು ದಾಟಿಕೊಂಡು ಒಂಬತ್ತನೆಯದಾಗಿ ಬರುತ್ತದೆ. ಮಬ್ಬುಗತ್ತಲೆಯಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ ಎಂದು ಕೇಳದವನಿಗೆ ಆ ಶಾಸ್ತ್ರದ ಬಾಗಿಲೇ ತೆರೆಯುವುದಿಲ್ಲ. ಸಂಶಯಕ್ಕೆ ಪದಾರ್ಥದ ಪದವಿಯನ್ನು ಕೊಟ್ಟ ದೇಶದಲ್ಲಿ ಸಂಶಯಿಸಿದ ಹುಡುಗನಿಗೆ ಸೊನ್ನೆಯನ್ನು ಕೊಡುವ ಪರೀಕ್ಷಕರು ಹುಟ್ಟಿಕೊಂಡುದು ಯಾವ ಯುಗಧರ್ಮವೋ!

ಚಿಪ್ಪು ಯಾರ ಹೆಸರನ್ನು ಹೊತ್ತಿದೆಯೋ ಆ ಜೇಮ್ಸ್ ಪ್ರಿನ್ಸೆಪರ ನಡತೆಯನ್ನಾದರೂ ನೋಡಬಾರದೆ? ಬ್ರಾಹ್ಮೀಲಿಪಿಯ ಬೀಗವನ್ನು ತೆರೆದ ಆ ಮಹನೀಯರು, ಶಾಸನಗಳಲ್ಲಿ ಕಂಡ 'ದೇವಾನಾಂಪಿಯ ಪಿಯದಸಿ'ಯು ಸಿಂಹಳದ ಒಬ್ಬ ಅರಸನಿರಬೇಕೆಂದು ಮೊದಲು ಎಣಿಸಿದ್ದರು. 1837ರಲ್ಲಿ ಸಿಂಹಳದಲ್ಲಿದ್ದ ಟರ್ನರ್ ಅವರು ಪಾಳಿ ಗ್ರಂಥಗಳ ಆಧಾರದಿಂದ ಅವನು ಮೌರ್ಯ ಅಶೋಕನೆಂದು ತೋರಿಸಿಕೊಟ್ಟಾಗ, ತಮ್ಮ ಊಹೆಯನ್ನು ಕೈಬಿಟ್ಟರು. ಅಶೋಕನ ಹೆಸರನ್ನೇ ಸ್ಪಷ್ಟವಾಗಿ ಹೇಳುವ ಶಾಸನ 1915ರಲ್ಲಿ ಮಸ್ಕಿಯಲ್ಲಿ ದೊರೆತ ಮೇಲೆ ಆ ಪ್ರಶ್ನೆ ಪೂರ್ತಿಯಾಗಿ ತೀರಿತು. ಆ ಹೆಸರುಳ್ಳ ಇನ್ನೊಂದು ಶಾಸನ ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನ ಬಂಡೆಯ ಮೇಲೆಯೇ ಇದೆ. ಶಾಸನ ಓದುವವರು ಅಳಿಸಿಹೋದ ಅಕ್ಷರವನ್ನು ಕಂಸದೊಳಗಿಟ್ಟು ಪ್ರಶ್ನಾರ್ಥಕ ಹಾಕುತ್ತಾರೆ. ಅದರಿಂದ ಅವರ ಪಾಂಡಿತ್ಯಕ್ಕೆ ಕುಂದು ಬಂದುದನ್ನು ನಾನು ಕೇಳಿಲ್ಲ. ತನ್ನ ತಪ್ಪನ್ನು ತಿದ್ದಿಕೊಂಡವನ ಹೆಸರನ್ನು, ತಿದ್ದಿಕೊಳ್ಳಲು ನಾವು ಬಿಡದಿರುವ ಹುಳುವಿಗೆ ಅಂಟಿಸಿ ಮೆರೆಸುವುದು ಅವರ ಸ್ಮರಣೆಗೆ ಮಾಡುವ ಯಾವ ಬಗೆಯ ಉಪಚಾರ?

ನಮ್ಮೂರಿನ ನೆರೆಯಲ್ಲೇ ಕುಡತಿನಿಯ ಬೂದಿದಿಬ್ಬ ಇದೆ. ಜನ ಅದನ್ನು ರಾಕ್ಷಸನ ಚಿತೆಯೆಂದರು, ಜ್ವಾಲಾಮುಖಿಯ ಕಸವೆಂದವರಿದ್ದರು, 1899ರಲ್ಲಿ ಸಿವೆಲ್ ಎಂಬ ವಿದ್ವಾಂಸರು ಶವದಹನದ ಕಡೆಗೆ ಬೆರಳು ತೋರಿದರು, ಭೂವಿಜ್ಞಾನಿ ಬ್ರೂಸ್ ಫೂಟರು ದನದ ಸಗಣಿಯ ಬೂದಿಯೆಂದು ವಾದಿಸಿದರು. ಫೂಟರ ಪಕ್ಷ ಗೆದ್ದುದು, ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಝಾಯ್ನರರು ಪ್ರಯೋಗಶಾಲೆಯಲ್ಲಿ ಬೂದಿಯನ್ನು ಪರೀಕ್ಷಿಸಿ, ಆಲ್ಚಿನ್ನರು ಉತ್ನೂರಿನ ಅಂಥದೇ ದಿಬ್ಬವನ್ನು ಅಗೆದು ನೋಡಿದ ಮೇಲೆ. ಅಷ್ಟರತನಕ ಯಾರೂ ದಿಬ್ಬದ ಮುಂದೆ ಚೀಟಿ ನೆಟ್ಟು ಬಾಗಿಲು ಹಾಕಿಕೊಳ್ಳದಿದ್ದುದೇ ನಮ್ಮ ಪುಣ್ಯ.

ಹುಳುವಿನ ವರ್ಗದಿಂದ ಯಾರ ಮನೆ ಮುಳುಗುವುದೆಂಬ ಕೊನೆಯ ಮಾತನ್ನು ಬೇರೆ ಊರಿನವರು ಆಡಿದ್ದರೆ ಕ್ಷಮಿಸಬಹುದಾಗಿತ್ತು. ಬಳ್ಳಾರಿಯವರು ಆಡಿದರೆ ಹೇಗೆ? ವರ್ಗೀಕರಣವೆಂದರೇನೆಂಬುದನ್ನು ನಮ್ಮಷ್ಟು ನೋವಿನಿಂದ ಕಲಿತ ಜಿಲ್ಲೆ ಈ ದೇಶದಲ್ಲಿ ಇನ್ನೊಂದಿದೆಯೆ? 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ನಿಲ್ಲಿಸಿತು. ಅನಂತರ ಕೇಂದ್ರ ಉನ್ನತಾಧಿಕಾರ ಸಮಿತಿಯು ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಯಾವ ಗಣಿ ಯಾವ ಅಕ್ಷರದ ಕೆಳಗೆ ಬಂತೆಂಬುದರ ಮೇಲೆ ಲಾರಿ ಚಾಲಕನ ಊಟವೂ ಧಣಿಯ ಅರಮನೆಯೂ ತೂಗಾಡಿದುದನ್ನು ಕಣ್ಣಾರೆ ಕಂಡವರು ನಾವು. ಅದಿರಿನ ಕಬ್ಬಿಣದ ಅಂಶ ಶೇಕಡಾ ಅರ್ಧದಷ್ಟು ಆಚೀಚೆಯಾದರೆ ಮರುಪರೀಕ್ಷೆ ಬೇಡುತ್ತೇವೆ, ಪ್ರಯೋಗಶಾಲೆಯ ವರದಿಯನ್ನು ಪ್ರಶ್ನಿಸುತ್ತೇವೆ, ನ್ಯಾಯಾಲಯಕ್ಕೆ ಹೋಗುತ್ತೇವೆ. ಆಗ 'ಹೆಸರಿನಲ್ಲೇನಿದೆ' ಎಂಬ ವೈರಾಗ್ಯ ನಮಗೆ ಹೊಳೆಯುವುದಿಲ್ಲ. ಟನ್ನಿಗೆ ಬೆಲೆಯಿರುವ ಕಲ್ಲಿಗೆ ಒಂದು ಪ್ರಾಮಾಣಿಕತೆ, ಬೆಲೆಯಿಲ್ಲದ ಕಲ್ಲಿಗೆ ಇನ್ನೊಂದು ಎಂದಾದರೆ, ನಾವು ಕಲಿಸುತ್ತಿರುವುದು ಭೂವಿಜ್ಞಾನವನ್ನಲ್ಲ, ದಲ್ಲಾಳಿತನವನ್ನು.

ಆದುದರಿಂದ ಆಗತಕ್ಕ ಕೆಲಸಗಳನ್ನು ಹೇಳಿಬಿಡುತ್ತೇನೆ. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಮಂಜೂರಾತಿ ಬೇಕಾಗಿಲ್ಲ. ಈ ವರ್ಷವೇ ಪ್ರತಿಯೊಂದು ಪ್ರಯೋಗಶಾಲೆಯ ಬೀರು ತೆರೆಯಲಿ. ಹಳೆಯ ಚೀಟಿಯನ್ನು ಕಿತ್ತು, 'ಫೈಸಾ?' ಎಂದು ಪ್ರಶ್ನಾರ್ಥಕದೊಡನೆ ಬರೆದು, ಅದರ ಕೆಳಗೆ ಸೋವರ್ಬಿ 1840, ಆನಂಡೇಲ್ 1920 ಎಂದು ಎರಡೂ ಪಕ್ಷಗಳನ್ನು ನಮೂದಿಸಲಿ. ಕಲ್ಲನ್ನು ಮಾರುವ ಅಂಗಡಿಯವನು ಅದು ಯಾವ ಊರಿನ ಯಾವ ಪದರದ್ದೆಂದು ಬರೆದುಕೊಡದಿದ್ದರೆ, ಅದನ್ನು ಕೊಳ್ಳಕೂಡದು; ಊರಿಲ್ಲದ ಪಳೆಯುಳಿಕೆ ಅಲಂಕಾರದ ಕಲ್ಲೇ ಹೊರತು ಸಾಕ್ಷಿಯಲ್ಲ. ಬಳ್ಳಾರಿಯಲ್ಲಿ ಬ್ರೂಸ್ ಫೂಟರ ಹೆಸರಿನ ವಸ್ತುಸಂಗ್ರಹಾಲಯವಿದೆ. ಅಲ್ಲಿ ನಿರ್ಣಯವಾಗದ ವಸ್ತುಗಳಿಗೆಂದೇ ಒಂದು ಅರೆಯನ್ನು ಮೀಸಲಿಟ್ಟು, 'ಇದು ಏನೆಂದು ಇನ್ನೂ ತಿಳಿದಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆಯಿಸಿದರೆ, ಶಾಲೆಯ ಮಕ್ಕಳು ಮುತ್ತುವುದು ಆ ಅರೆಯನ್ನೇ ಎಂದು ನಾನು ಪಂಥ ಕಟ್ಟುತ್ತೇನೆ. ಸಿರುಗುಪ್ಪದ ಗದ್ದೆಗಳಿಂದಲೂ, ಮಳೆ ಬಿದ್ದ ಮಾರನೆಯ ದಿನ ಕುರುಗೋಡಿನ ಬಂಡೆಸಂದಿಗಳಿಂದಲೂ ಜೀವಂತ ಬಸವನಹುಳುಗಳನ್ನು ಆಯ್ದು, ಚಿಪ್ಪಷ್ಟನ್ನೇ ಅಲ್ಲದೆ ದೇಹಸಮೇತ ಸ್ಪಿರಿಟ್ಟಿನಲ್ಲಿಟ್ಟು, ತಾಲ್ಲೂಕಿಗೊಂದರಂತೆ ಸಂಗ್ರಹಗಳನ್ನು ಕಟ್ಟಲಿ. ಬದುಕಿರುವವುಗಳ ಒಳಗನ್ನು ಅರಿಯದವರು ಸತ್ತವುಗಳ ಕುಲವನ್ನು ಹೇಳಹೊರಡುವ ಧಾರ್ಷ್ಟ್ಯಕ್ಕೆ ಅಷ್ಟಾದರೂ ಪ್ರಾಯಶ್ಚಿತ್ತವಾದೀತು.

ಪರೀಕ್ಷಕರಿಗೆ ನನ್ನದೊಂದು ಪ್ರತ್ಯೇಕವಾದ ಮಾತಿದೆ. ಬರುವ ಪರೀಕ್ಷೆಯಲ್ಲಿ ಯಾವನಾದರೊಬ್ಬ ವಿದ್ಯಾರ್ಥಿಯು ಆ ಕಲ್ಲಿನ ಮುಂದೆ ನಿಂತು, 'ಎಡಬಾಯಿಯ ಚಿಪ್ಪು. ಫೈಸಾ ಇರಬಹುದು, ಬುಲೈನಸ್ಸಿನ ಬಂಧುವೂ ಇರಬಹುದು. ಚಿಪ್ಪಿನಿಂದ ನಿರ್ಣಯಿಸಲಾಗದು' ಎಂದು ಬರೆದರೆ, ಅವನಿಗೆ ಪೂರ್ಣಾಂಕ ಸಲ್ಲಬೇಕು. ಅದನ್ನು ಹೊಡೆದುಹಾಕುವ ಪರೀಕ್ಷಕರು, ಆ ಚಿಪ್ಪಿನೊಳಗಣ ರಕ್ತದ ಬಣ್ಣವನ್ನು ತಾವು ಎಂದು, ಎಲ್ಲಿ, ಯಾವ ಉಪಕರಣದಿಂದ ನೋಡಿದರೆಂದು ಉತ್ತರಪತ್ರಿಕೆಯ ಅಂಚಿನಲ್ಲಿಯೇ ಬರೆದು ರುಜು ಹಾಕಬೇಕು.